ಮುಕ್ಕಾಲು ಥ್ರಾಟಲಿನ ಬಿಸಿ: ಮಾದರಿ ವಿಮಾನದ ಇಎಸ್‌ಸಿಗಳನ್ನು ಹೋಲಿಸುವಾಗ ನೋಡಬೇಕಾದದ್ದು

ಎಲೆಕ್ಟ್ರಿಕ್ ಮಾದರಿ ವಿಮಾನಕ್ಕೆ ಇಎಸ್‌ಸಿಯನ್ನು, ಅಂದರೆ ಬ್ರಷ್‌ಲೆಸ್ ಮೋಟಾರಿನ ವೇಗ ನಿಯಂತ್ರಕವನ್ನು, ಆರಿಸುವಾಗ ನಮ್ಮಲ್ಲಿ ಹೆಚ್ಚಿನವರು ಅದರ ಮೇಲೆ ಅಚ್ಚಾದ ಆಂಪಿಯರ್ ಸಂಖ್ಯೆಯನ್ನು ನೋಡುತ್ತಾರೆ, ಬೆಲೆ ಕೇಳುತ್ತಾರೆ, ಅಲ್ಲಿಗೆ ಆಯ್ಕೆ ಮುಗಿಯುತ್ತದೆ. ಪುಣೆಯಲ್ಲಿ ನಾನು ಜೊತೆಗೂಡಿ ವಿಮಾನ ಹಾರಿಸುವ ಗೆಳೆಯರಲ್ಲಿ ಹುಬ್ಬಳ್ಳಿ, ವಿಜಯಪುರ, ಬೆಳಗಾವಿ ಕಡೆಯವರೇ ಹೆಚ್ಚು. ಭೋಸರಿ, ಪಿಂಪ್ರಿ, ಚಾಕಣದ ಕಾರ್ಖಾನೆಗಳಲ್ಲಿ ವಾರವಿಡೀ ಯಂತ್ರಗಳ ನಡುವೆ ದುಡಿಯುವ ಇವರು, ಅಲ್ಲಿ ಒಂದು ಮೋಟಾರು ಡ್ರೈವ್ ಆರಿಸಬೇಕಾದರೆ ಅದು ಎಷ್ಟು ಹೊತ್ತು ಎಷ್ಟು ಹೊರೆಯಲ್ಲಿ ಓಡುತ್ತದೆ, ಸುತ್ತಲಿನ ಗಾಳಿಯ ತಾಪಮಾನ ಎಷ್ಟು, ಬಿಸಿ ಎಲ್ಲಿಗೆ ಹೋಗುತ್ತದೆ ಎಂದು ಕೇಳದೆ ಬಿಡುವವರಲ್ಲ. ಅದೇ ಜನ ವಿಮಾನದ ವಿಷಯಕ್ಕೆ ಬಂದಾಗ ‘40 ಆಂಪಿಯರಿನದು ಸಾಕಲ್ಲ?’ ಎಂದಷ್ಟೇ ಕೇಳುತ್ತಾರೆ. ಸಂಖ್ಯೆ ಸುಳ್ಳಲ್ಲ. ಆದರೆ ವಿಮಾನ ತನ್ನ ಹಾರಾಟದ ಬಹುಪಾಲು ಸಮಯವನ್ನು ಕಳೆಯುವ ಸ್ಥಿತಿಯ ಬಗ್ಗೆ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಇಎಸ್‌ಸಿಗಳನ್ನು ನಿಜವಾಗಿ ಬೇರ್ಪಡಿಸುವುದು ಪೂರ್ತಿ ಥ್ರಾಟಲಿನ, ಅಂದರೆ ಮೋಟಾರಿಗೆ ಪೂರ್ತಿ ಶಕ್ತಿ ಕೊಟ್ಟಾಗಿನ, ಬಲವಲ್ಲ, ಭಾಗಶಃ ಥ್ರಾಟಲಿನಲ್ಲಿ ಅವು ಹುಟ್ಟಿಸುವ ಬಿಸಿ ಮತ್ತು ರಿಸೀವರಿಗೆ (ರೇಡಿಯೋ ಸಂಕೇತ ಹಿಡಿಯುವ ಭಾಗಕ್ಕೆ), ಸರ್ವೋಗಳಿಗೆ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರುಗಳಿಗೆ) ಅವು ಕೊಡುವ ವಿದ್ಯುತ್ತಿನ ಗುಣ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದನ್ನು ವಿವರಿಸಲು ಒಳಗಿನ ಕೆಲಸವನ್ನು ಸ್ವಲ್ಪ ಹೇಳಲೇಬೇಕು. ಬ್ರಷ್‌ಲೆಸ್ ಮೋಟಾರಿಗೆ ಮೂರು ತಂತಿಗಳಿರುತ್ತವೆ. ಇಎಸ್‌ಸಿಯೊಳಗೆ ಕನಿಷ್ಠ ಆರು ಮಾಸ್‌ಫೆಟ್‌ಗಳಿದ್ದು, ಪ್ರತಿ ತಂತಿಯನ್ನು ಬ್ಯಾಟರಿಯ ಧನ ತುದಿಗೆ ಅಥವಾ ಋಣ ತುದಿಗೆ ಸೇರಿಸುವ ಎರಡೆರಡು ಸ್ವಿಚ್ಚುಗಳಾಗಿ ಅವು ಕೆಲಸ ಮಾಡುತ್ತವೆ. ಯಾವ ಕ್ಷಣದಲ್ಲೂ ಎರಡು ತಂತಿಗಳಲ್ಲಿ ಕರೆಂಟು ಹರಿಯುತ್ತಿದ್ದರೆ ಮೂರನೆಯದು ಖಾಲಿ ಇರುತ್ತದೆ. ತಿರುಗುತ್ತಿರುವ ಅಯಸ್ಕಾಂತಗಳು ಆ ಖಾಲಿ ತಂತಿಯಲ್ಲಿ ಹುಟ್ಟಿಸುವ ವೋಲ್ಟೇಜನ್ನು ಗಮನಿಸಿ, ರೋಟರ್ ಎಲ್ಲಿದೆ ಎಂಬುದನ್ನು ಇಎಸ್‌ಸಿ ತಿಳಿದುಕೊಳ್ಳುತ್ತದೆ ಮತ್ತು ಸರಿಯಾದ ಗಳಿಗೆಯಲ್ಲಿ ಮುಂದಿನ ಜೋಡಿಗೆ ದಾಟುತ್ತದೆ. ಪೂರ್ತಿ ಥ್ರಾಟಲಿನಲ್ಲಿ ಅದು ಮಾಡುವ ಕೆಲಸ ಇಷ್ಟೇ. ಥ್ರಾಟಲ್ ಇಳಿಸಿದಾಗ ಮಾತ್ರ ಇದರ ಮೇಲೆ ಇನ್ನೊಂದು ಕೆಲಸ ಸೇರುತ್ತದೆ: ಮಾಸ್‌ಫೆಟ್‌ಗಳು ಸೆಕೆಂಡಿಗೆ 8,000 ಸಲವೋ 16,000 ಸಲವೋ ಅದಕ್ಕಿಂತ ಹೆಚ್ಚು ಸಲವೋ ಬ್ಯಾಟರಿಯನ್ನು ಸೇರಿಸುತ್ತ, ಬಿಡಿಸುತ್ತ, ಸರಾಸರಿ ವೋಲ್ಟೇಜನ್ನು ತಗ್ಗಿಸಬೇಕಾಗುತ್ತದೆ.

ಪೂರ್ತಿ ಥ್ರಾಟಲಿನ ಲೆಕ್ಕ ಸುಲಭ. ಒಂದೊಂದು ಮಾಸ್‌ಫೆಟ್‌ನ ರೋಧ 2 ಮಿಲಿಓಮ್ ಎಂದಿಟ್ಟುಕೊಂಡರೆ, ಕರೆಂಟು ಒಮ್ಮೆಗೆ ಎರಡನ್ನು ದಾಟಿ ಹೋಗುವುದರಿಂದ ಒಟ್ಟು 4 ಮಿಲಿಓಮ್ ಆಗುತ್ತದೆ. 40 ಆಂಪಿಯರಿನಲ್ಲಿ ನಷ್ಟವಾಗುವುದು ಕರೆಂಟಿನ ವರ್ಗ ಗುಣಿಸು ರೋಧ, ಅಂದರೆ 6.4 ವ್ಯಾಟ್. ಉತ್ಪಾದಕರು ತಮ್ಮ ಸಂಖ್ಯೆಯನ್ನು ನಿರ್ಧರಿಸುವಾಗ ಒಳ್ಳೆಯ ಗಾಳಿಯ ಹರಿವಿದೆ ಎಂದು ಊಹಿಸಿರುತ್ತಾರೆ. ಬರ್ಸ್ಟ್, ಅಂದರೆ ಸ್ವಲ್ಪ ಹೊತ್ತಿನ ಮಿತಿ, ಎಂದು ಬರೆದಿರುವ ಹೆಚ್ಚಿನ ಸಂಖ್ಯೆಯಂತೂ ಸಾಮಾನ್ಯವಾಗಿ 10 ಸೆಕೆಂಡಿಗೆ ಸೀಮಿತವಾದದ್ದು. ಫೋಮ್ ದೇಹದೊಳಗೆ, ಗಾಳಿ ಬರುವ ರಂಧ್ರವೂ ಹೋಗುವ ರಂಧ್ರವೂ ಇಲ್ಲದ ಗೂಡಿನಲ್ಲಿ ಇಎಸ್‌ಸಿಯನ್ನು ತುರುಕಿದವರಿಗೆ ಆ 40 ಎಂಬ ಸಂಖ್ಯೆ ಅನ್ವಯಿಸುವುದಿಲ್ಲ.

ಈಗ ಥ್ರಾಟಲನ್ನು ಇಳಿಸೋಣ. ಪ್ರೊಪೆಲ್ಲರ್ ತನ್ನ ಪೂರ್ತಿ ವೇಗದ ಮೂರನೇ ಎರಡರಷ್ಟು ವೇಗದಲ್ಲಿ ತಿರುಗುತ್ತಿದೆ ಎನ್ನೋಣ. ನಮ್ಮ ಸಾಧಾರಣ ಹಾರಾಟ ನಡೆಯುವುದು ಹೆಚ್ಚುಕಡಿಮೆ ಇಲ್ಲಿಯೇ. ಪ್ರೊಪೆಲ್ಲರಿಗೆ ಬೇಕಾದ ತಿರುಗುಬಲ ವೇಗದ ವರ್ಗಕ್ಕೆ ಅನುಸಾರವಾಗಿ ಇಳಿಯುವುದರಿಂದ ಮೋಟಾರಿನ ಕರೆಂಟು 40ರಿಂದ ಸುಮಾರು 18 ಆಂಪಿಯರಿಗೆ ಬರುತ್ತದೆ. ಶಕ್ತಿ ವೇಗದ ಘನಕ್ಕೆ ಅನುಸಾರವಾಗಿ ಇಳಿದು ಮೂರನೇ ಒಂದಕ್ಕಿಂತ ಕಡಿಮೆಯಾಗುತ್ತದೆ. ಬ್ಯಾಟರಿಯ ಬಳಿ ವ್ಯಾಟ್‌ಮೀಟರ್ ಇಟ್ಟವರಿಗೆ ಕಾಣುವುದು ಇದಕ್ಕೂ ಚಿಕ್ಕ ಸಂಖ್ಯೆ, ಸುಮಾರು 12 ಆಂಪಿಯರ್, ಏಕೆಂದರೆ ಬ್ಯಾಟರಿ ಕರೆಂಟು ಕೊಡುವುದು ಸ್ವಿಚ್ಚು ಮುಚ್ಚಿರುವ ಮೂರನೇ ಎರಡು ಭಾಗದ ಸಮಯದಲ್ಲಿ ಮಾತ್ರ. ಉಳಿದ ಮೂರನೇ ಒಂದು ಭಾಗದಲ್ಲಿ ಮೋಟಾರಿನ ಕರೆಂಟು ನಿಲ್ಲುವುದಿಲ್ಲ. ಸುರುಳಿಯ ಇಂಡಕ್ಟೆನ್ಸು ಅದನ್ನು ನಿಲ್ಲಲು ಬಿಡುವುದಿಲ್ಲ. ಅದು ಮಾಸ್‌ಫೆಟ್‌ನೊಳಗೇ ಇರುವ ಡಯೋಡಿನ ಮೂಲಕ ಸುತ್ತು ಹಾಕುತ್ತಿರುತ್ತದೆ. ಆ ಡಯೋಡಿನ ಮೇಲೆ ಸುಮಾರು 0.8 ವೋಲ್ಟ್ ಬೀಳುತ್ತದೆ. 18 ಆಂಪಿಯರನ್ನು 0.8 ವೋಲ್ಟಿನಿಂದ ಗುಣಿಸಿ, ಮೂರನೇ ಒಂದು ಭಾಗ ತೆಗೆದರೆ 4.8 ವ್ಯಾಟ್. ಇದಕ್ಕೆ ಮಾಸ್‌ಫೆಟ್‌ಗಳ ರೋಧದ ನಷ್ಟ ಒಂದು ವ್ಯಾಟಿನಷ್ಟನ್ನೂ, ಸ್ವಿಚ್ಚು ತೆರೆದು ಮುಚ್ಚುವ ಗಳಿಗೆಯ ನಷ್ಟವನ್ನೂ ಸೇರಿಸಿದರೆ ಹೆಚ್ಚುಕಡಿಮೆ ಅದೇ 6 ವ್ಯಾಟಿನ ಮೇಲಕ್ಕೆ ಬಂದು ನಿಲ್ಲುತ್ತೇವೆ. ಪ್ರೊಪೆಲ್ಲರಿನ ಕೆಲಸ ಮೂರನೇ ಒಂದಕ್ಕಿಂತ ಕೆಳಗಿಳಿದಿದೆ, ವಿಮಾನ ನಿಧಾನವಾಗಿರುವುದರಿಂದ ಇಎಸ್‌ಸಿಯ ಮೇಲೆ ಬೀಸುವ ಗಾಳಿಯೂ ಇಳಿದಿದೆ, ಆದರೆ ಇಎಸ್‌ಸಿಯ ಬಿಸಿ ಮಾತ್ರ ಇಳಿದಿಲ್ಲ. ಪೂರ್ತಿ ಥ್ರಾಟಲಿನಲ್ಲಿ ನೆಮ್ಮದಿಯಾಗಿದ್ದ ಇಎಸ್‌ಸಿ ಮೆಲ್ಲನೆಯ ಹಾರಾಟದ ಬಳಿಕ ಮುಟ್ಟಲಾಗದಷ್ಟು ಬಿಸಿಯಾಗಿ ಕೆಳಗಿಳಿಯುವುದಕ್ಕೆ ಕಾರಣ ಇದು. ‘ಜಾಸ್ತಿ ಗ್ಯಾಸ್ ಕೊಟ್ಟಿಲ್ಲ, ಆದರೂ ಸುಟ್ಟಿತು’ ಎಂದು ಬೇಸರಪಡುವವರಿಗೆ ನಾನು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸುತ್ತೇನೆ.

ಇದಕ್ಕೆ ಪರಿಹಾರ ಬಹಳ ಹಿಂದಿನಿಂದಲೂ ಇದೆ. ಕರೆಂಟು ಡಯೋಡಿನಲ್ಲಿ ಸುತ್ತು ಹಾಕಬೇಕಾದ ಹೊತ್ತಿನಲ್ಲಿ ಅದೇ ಮಾಸ್‌ಫೆಟ್‌ನ ಸ್ವಿಚ್ಚನ್ನು ಮುಚ್ಚಿ ದಾರಿ ಮಾಡಿಕೊಟ್ಟರೆ, 0.8 ವೋಲ್ಟಿನ ಬದಲು ಸುಮಾರು 36 ಮಿಲಿವೋಲ್ಟಿನ ಇಳಿತ ಉಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ 4.8 ವ್ಯಾಟಿನ ಜಾಗಕ್ಕೆ ಅರ್ಧ ವ್ಯಾಟೂ ಬರುವುದಿಲ್ಲ. ಇದನ್ನು ಆ್ಯಕ್ಟಿವ್ ಫ್ರೀವೀಲಿಂಗ್ ಎನ್ನುತ್ತಾರೆ. ಜರ್ಮನಿಯ ಕೊಂಟ್ರೋನಿಕ್ ಕಂಪನಿಯ ದುಬಾರಿ ಇಎಸ್‌ಸಿಗಳಲ್ಲಿ ಇದು ಮೊದಲಿನಿಂದಲೂ ಹೆಸರುವಾಸಿ. ಹಾಬಿವಿಂಗ್ ಕಂಪನಿ ತನ್ನ ಪ್ಲಾಟಿನಂ ವಿ4, ಫ್ಲೈಫನ್ ವಿ5 ಶ್ರೇಣಿಗಳಲ್ಲಿ ಡಿಇಒ ಎಂಬ ಹೆಸರಿನಲ್ಲಿ ಇದನ್ನೇ ಕೊಡುತ್ತದೆ. ಬಿಎಲ್‌ಹೆಲಿ ಎಂಬ ಫರ್ಮ್‌ವೇರಿನಲ್ಲಿ, ಅಂದರೆ ಇಎಸ್‌ಸಿಯ ಚಿಪ್ಪನ್ನು ನಡೆಸುವ ತಂತ್ರಾಂಶದಲ್ಲಿ, ಡ್ಯಾಂಪ್ಡ್ ಲೈಟ್ ಎಂದು ಕಾಣುವುದೂ ಇದೇ. ಹೆಸರು ಯಾವುದೇ ಇರಲಿ, ಎರಡು ಇಎಸ್‌ಸಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ನಾನು ಮೊದಲು ಹುಡುಕುವುದು ಈ ಸೌಲಭ್ಯವನ್ನು. ಇದಿರುವ 40 ಆಂಪಿಯರಿನ ಒಂದು ಇಎಸ್‌ಸಿ, ಇದಿಲ್ಲದ 60 ಆಂಪಿಯರಿನದಕ್ಕಿಂತ ನಮ್ಮ ಸಾಮಾನ್ಯ ಹಾರಾಟಕ್ಕೆ ಉತ್ತಮ ಎಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಪುಣೆಯ ಹವೆ ಈ ವಿಷಯವನ್ನು ಇನ್ನಷ್ಟು ಮುಖ್ಯವಾಗಿಸುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಏಪ್ರಿಲ್ ಮೇ ತಿಂಗಳ ಮಧ್ಯಾಹ್ನದ ತಾಪ 40 ಡಿಗ್ರಿ ಮುಟ್ಟುತ್ತದೆ. ಈ ಎರಡನ್ನೂ ಲೆಕ್ಕಕ್ಕೆ ಹಿಡಿದರೆ ಗಾಳಿಯ ಸಾಂದ್ರತೆ, ಸಮುದ್ರಮಟ್ಟದ 15 ಡಿಗ್ರಿಯ ಪ್ರಮಾಣಿತ ಗಾಳಿಗಿಂತ ಸುಮಾರು ಶೇ. 14ರಷ್ಟು ಕಡಿಮೆ. ತೆಳುವಾದ ಗಾಳಿಯಲ್ಲಿ ಪ್ರೊಪೆಲ್ಲರಿನ ಹೊರೆ ಇಳಿಯುತ್ತದೆ, ಹಾಗಾಗಿ ಅದೇ ವೇಗದಲ್ಲಿ ಕರೆಂಟೂ ಇಳಿಯುತ್ತದೆ ಎಂಬುದು ನಿಜ. ಆದರೆ ಎಳೆತವೂ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ ಹಾರಿಸುವವರು ಒಂದಂಗುಲ ದೊಡ್ಡ ಪ್ರೊಪೆಲ್ಲರ್ ಹಾಕಿಬಿಡುತ್ತಾರೆ, ಕರೆಂಟು ಹಿಂದಿನ ಮಟ್ಟವನ್ನೂ ಮೀರುತ್ತದೆ. ಅದೇ ತೆಳು ಗಾಳಿ ಇಎಸ್‌ಸಿಯ ಬಿಸಿಯನ್ನು ಒಯ್ಯುವುದೂ ಕಡಿಮೆ. ಒಳತಾಪ 110 ಡಿಗ್ರಿ ದಾಟಿದಾಗ ಶಕ್ತಿಯನ್ನು ತಗ್ಗಿಸುವ ಏರ್ಪಾಡಿರುವ ಇಎಸ್‌ಸಿಗೆ, 20 ಡಿಗ್ರಿಯ ಬೆಳಗಿನಲ್ಲಿ 90 ಡಿಗ್ರಿಯ ಅವಕಾಶ ಇದ್ದರೆ 40 ಡಿಗ್ರಿಯ ಮಧ್ಯಾಹ್ನದಲ್ಲಿ 70 ಡಿಗ್ರಿಯಷ್ಟೇ ಉಳಿಯುತ್ತದೆ. ಬೆಂಗಳೂರಿನ ಗಾಳಿ ಎತ್ತರದ ಕಾರಣ ಇನ್ನೂ ತೆಳುವಾದರೂ ಅಲ್ಲಿನ ಬೇಸಿಗೆ ಇಷ್ಟು ಕಾಯುವುದಿಲ್ಲ. ಅಲ್ಲಿಯ ಗೆಳೆಯರ ವಿಮಾನದಲ್ಲಿ ವರ್ಷಗಟ್ಟಲೆ ನಡೆದ ಅದೇ ಜೋಡಣೆ ಇಲ್ಲಿ ಮೇ ತಿಂಗಳಲ್ಲಿ ಸೋಲುವುದು ಅಚ್ಚರಿಯಲ್ಲ. ವಿದೇಶಿ ವಿಮರ್ಶೆಗಳನ್ನು ಓದಿ ಇಎಸ್‌ಸಿ ಆರಿಸುವವರು ಆ ಪರೀಕ್ಷೆ ಯಾವ ಹವೆಯಲ್ಲಿ ನಡೆಯಿತೆಂದು ಗಮನಿಸಬೇಕು.

ಎರಡನೆಯ ವಿಷಯ ಬಿಇಸಿ. ಬ್ಯಾಟರಿಯ ವೋಲ್ಟೇಜನ್ನು 5 ವೋಲ್ಟಿಗೆ ಇಳಿಸಿ ರಿಸೀವರಿಗೂ ಸರ್ವೋಗಳಿಗೂ ಕೊಡುವ ಈ ಭಾಗವನ್ನು ಹೋಲಿಕೆಯ ಕೊನೆಗೆ ತಳ್ಳುವುದು ವಾಡಿಕೆ. ನನ್ನ ಎಣಿಕೆಯಲ್ಲಿ ಇದು ಆಂಪಿಯರ್ ಸಂಖ್ಯೆಗಿಂತ ಮೊದಲು ಬರಬೇಕು, ಏಕೆಂದರೆ ಮೋಟಾರು ನಿಂತರೆ ವಿಮಾನವನ್ನು ತೇಲಿಸಿಕೊಂಡು ಇಳಿಸಬಹುದು, ರಿಸೀವರಿಗೆ ವಿದ್ಯುತ್ ನಿಂತರೆ ಇಳಿಸುವ ಮಾತೇ ಇಲ್ಲ. ಅಗ್ಗದ ಇಎಸ್‌ಸಿಗಳಲ್ಲಿ ಇರುವುದು ಲೀನಿಯರ್ ಬಿಇಸಿ. ಅದು ಹೆಚ್ಚಿನ ವೋಲ್ಟೇಜನ್ನು ಬರಿದೇ ಬಿಸಿಯಾಗಿ ಕಳೆಯುತ್ತದೆ. ಮೂರು ಸೆಲ್ಲಿನ ಲಿಪೊ ಬ್ಯಾಟರಿಯ 11.1 ವೋಲ್ಟಿನಿಂದ 5ಕ್ಕೆ ಇಳಿಸಿ ಒಂದು ಆಂಪಿಯರ್ ಕೊಟ್ಟರೆ 6.1 ವ್ಯಾಟ್ ಬಿಸಿ. ನಾಲ್ಕು ಸೆಲ್ಲಿನ 14.8 ವೋಲ್ಟಾದರೆ 9.8 ವ್ಯಾಟ್. ಹಿಂದೆ ಲೆಕ್ಕ ಹಾಕಿದ ಪೂರ್ತಿ ಥ್ರಾಟಲಿನ ಮಾಸ್‌ಫೆಟ್ ನಷ್ಟಕ್ಕಿಂತ ಇದು ಹೆಚ್ಚು, ಮತ್ತು ಎರಡೂ ಬಿಸಿ ಅದೇ ಶ್ರಿಂಕ್ ಹೊದಿಕೆಯೊಳಗೆ, ಅದೇ ಅಲ್ಯೂಮಿನಿಯಂ ಪಟ್ಟಿಗೆ ಹೋಗಬೇಕು. ಗಾಳಿ ಜೋರಾದ ದಿನ ಸರ್ವೋಗಳು ಬಿಡುವಿಲ್ಲದೆ ಕೆಲಸ ಮಾಡಿದಾಗ ಈ ಬಿಇಸಿ ಅತಿಯಾಗಿ ಕಾದು ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ವಿಮಾನ ನೆಲಕ್ಕೆ ಬಿದ್ದು, ತಣ್ಣಗಾಗಿ, ನಾವು ಓಡಿ ಹೋಗಿ ನೋಡುವ ಹೊತ್ತಿಗೆ ಎಲ್ಲವೂ ಸರಿಯಾಗಿ ಕೆಲಸ ಮಾಡುತ್ತಿರುತ್ತದೆ. ಆಗ ದೂರು ಹೋಗುವುದು ರೇಡಿಯೋದ ಮೇಲೆ.

ಬ್ಯಾಟರಿಯನ್ನು ಬೇಗಬೇಗ ಸೇರಿಸುತ್ತ, ಬಿಡಿಸುತ್ತ ವೋಲ್ಟೇಜು ಇಳಿಸುವ ಸ್ವಿಚಿಂಗ್ ಬಿಇಸಿ ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸುತ್ತದೆ. ಬ್ಯಾಟರಿಯ ವೋಲ್ಟೇಜು ಏರಿದರೂ ಅದರ ನಷ್ಟ ಅಷ್ಟಾಗಿ ಏರುವುದಿಲ್ಲ. ಆದ್ದರಿಂದ ಬಿಇಸಿಯ ಮೇಲೆ 3 ಆಂಪಿಯರ್ ಎಂದು ಬರೆದಿದ್ದರೆ ಅದು ಲೀನಿಯರೋ ಸ್ವಿಚಿಂಗೋ ಎಂದು ಕೇಳದೆ ಆ ಸಂಖ್ಯೆಗೆ ಅರ್ಥವಿಲ್ಲ. ಲೀನಿಯರ್ ಆಗಿದ್ದರೆ ಕೈಪಿಡಿಯಲ್ಲಿ ಎಷ್ಟು ಸೆಲ್ಲಿಗೆ ಎಷ್ಟು ಸರ್ವೋ ಎಂಬ ಚಿಕ್ಕ ಕೋಷ್ಟಕ ಇರುತ್ತದೆ. ಸೆಲ್ಲು ಹೆಚ್ಚಾದಂತೆ ಸರ್ವೋಗಳ ಸಂಖ್ಯೆ ಇಳಿಯುವುದನ್ನು ಅಲ್ಲಿ ನೋಡಬಹುದು. ಆರು ಸೆಲ್ಲಿನ ವಿಮಾನಗಳಿಗೆ ನಾನು ಬಿಇಸಿ ಇಲ್ಲದ ಇಎಸ್‌ಸಿಯನ್ನೋ, ಇದ್ದರೂ ಅದರ ಥ್ರಾಟಲ್ ತಂತಿಯ ಕೆಂಪು ಎಳೆಯನ್ನು ಬಿಡಿಸಿಟ್ಟು ಪ್ರತ್ಯೇಕ ಬಿಇಸಿಯನ್ನೋ ಬಳಸಲು ಹೇಳುತ್ತೇನೆ. ಹಾಗೆ ಮಾಡಿದರೆ ಇಎಸ್‌ಸಿಯೇ ಸುಟ್ಟರೂ ರಿಸೀವರ್ ಜೀವಂತ ಇರುತ್ತದೆ.

ಫರ್ಮ್‌ವೇರಿನ ವಿಷಯದಲ್ಲಿ ನಮ್ಮ ಮಾರುಕಟ್ಟೆಯಲ್ಲಿ ಗೊಂದಲವಿದೆ. ಭಾರತದ ಆನ್‌ಲೈನ್ ಅಂಗಡಿಗಳಲ್ಲಿ 2212 ಗಾತ್ರದ 1000 ಕೆವಿ (ಪ್ರತಿ ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಮೋಟಾರಿನ ಜೊತೆಗೆ 30 ಆಂಪಿಯರಿನ, ಸೈಮನ್‌ಕೆ ಎಂಬ ಚೀಟಿ ಅಂಟಿಸಿದ ಇಎಸ್‌ಸಿಯನ್ನು ಸೇರಿಸಿ ಮಾರುವುದು ಸಾಮಾನ್ಯ. ಸೈಮನ್‌ಕೆ ಎಂಬುದು ಕಂಪನಿಯಲ್ಲ. ಆಟ್ಮೆಲ್ ಚಿಪ್ಪುಗಳ ಇಎಸ್‌ಸಿಗಳಿಗಾಗಿ, ಮುಖ್ಯವಾಗಿ ಮಲ್ಟಿಕಾಪ್ಟರುಗಳನ್ನು (ಹಲವು ಮೋಟಾರಿನ ಡ್ರೋನುಗಳನ್ನು) ಮನಸ್ಸಿನಲ್ಲಿಟ್ಟು ಬರೆದ ಮುಕ್ತ ಫರ್ಮ್‌ವೇರ್. ಚೀಟಿಯಲ್ಲಿರುವುದೇ ಒಳಗೂ ಇರುತ್ತದೆ ಎಂಬ ಖಾತರಿ ಇಲ್ಲ. ಇದ್ದರೂ ಮಲ್ಟಿಕಾಪ್ಟರಿನ ಅಗತ್ಯ ಬೇರೆ, ವಿಮಾನದ ಅಗತ್ಯ ಬೇರೆ. ನಾಲ್ಕು ಮೋಟಾರಿನ ಯಂತ್ರದಲ್ಲಿ ಬ್ಯಾಟರಿ ಇಳಿಯಿತೆಂದು ಒಂದು ಇಎಸ್‌ಸಿ ತಾನಾಗಿ ಮೋಟಾರನ್ನು ನಿಲ್ಲಿಸಿದರೆ ಯಂತ್ರ ಮಗುಚಿ ಬೀಳುತ್ತದೆ, ಆದ್ದರಿಂದ ಅಂಥ ಫರ್ಮ್‌ವೇರುಗಳಲ್ಲಿ ಕಡಿಮೆ ವೋಲ್ಟೇಜಿನ ಕಡಿತ ಇರುವುದಿಲ್ಲ, ಇಲ್ಲವೇ ಆಫ್ ಆಗಿರುತ್ತದೆ. ವಿಮಾನದಲ್ಲಿ ಆ ಕಡಿತವೇ ಬ್ಯಾಟರಿಯನ್ನೂ ರಿಸೀವರನ್ನೂ ಕಾಯುವಂಥದ್ದು: ಸೆಲ್ಲೊಂದಕ್ಕೆ 3 ವೋಲ್ಟಿನ ಆಸುಪಾಸಿಗೆ ಬಂದಾಗ ಮೋಟಾರಿನ ಶಕ್ತಿಯನ್ನು ಇಳಿಸಿ, ಉಳಿದದ್ದನ್ನು ಸರ್ವೋಗಳಿಗೆ ಮೀಸಲಿಡುತ್ತದೆ. ಥಟ್ಟನೆ ನಿಲ್ಲಿಸುವ ಬಗೆಗಿಂತ ಮೆಲ್ಲನೆ ಇಳಿಸುವ ಬಗೆಯನ್ನೇ ಆರಿಸಿಕೊಳ್ಳಬೇಕು. ಇಳಿಯುವ ದಾರಿಯಲ್ಲಿ ಮರವೊಂದು ಅಡ್ಡ ಬಂದರೆ ಉಳಿದ ಆ ಸ್ವಲ್ಪ ಶಕ್ತಿ ಬೇಕಾಗುತ್ತದೆ.

ಸೆಲ್ಲುಗಳ ಸಂಖ್ಯೆಯನ್ನು ತಾನೇ ಎಣಿಸುವ ಇಎಸ್‌ಸಿಗಳನ್ನು ಪೂರ್ತಿ ನಂಬಬಾರದು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬಹುಮಟ್ಟಿಗೆ ಖಾಲಿಯಾದ ಆರು ಸೆಲ್ಲಿನ ಬ್ಯಾಟರಿ, ಸೆಲ್ಲಿಗೆ 3.5ರಂತೆ, 21 ವೋಲ್ಟ್ ತೋರಿಸುತ್ತದೆ. ಪೂರ್ತಿ ಚಾರ್ಜಾದ ಐದು ಸೆಲ್ಲಿನದೂ 21 ವೋಲ್ಟೇ. ಇಎಸ್‌ಸಿ ಐದೆಂದು ಎಣಿಸಿದರೆ ಕಡಿತದ ಮಟ್ಟ 18ರಿಂದ 15 ವೋಲ್ಟಿಗೆ ಇಳಿದು, ಬ್ಯಾಟರಿ ಹಾಳಾಗುತ್ತದೆ. ಎಷ್ಟು ಸೆಲ್ಲೆಂದು ಇಎಸ್‌ಸಿ ಹೇಳುವ ಶುರುವಿನ ಬೀಪ್ ಸದ್ದುಗಳನ್ನು ಎಣಿಸುವ ಅಭ್ಯಾಸ ಇದಕ್ಕೇ ಬೇಕು.

ಈಚಿನ 32 ಬಿಟ್ ಇಎಸ್‌ಸಿಗಳು ವಿಮಾನಕ್ಕೂ ಬರುತ್ತಿವೆ. ಮಲ್ಟಿಕಾಪ್ಟರ್ ಲೋಕವನ್ನು ಆಳಿದ ಬಿಎಲ್‌ಹೆಲಿ 32 ಮುಚ್ಚಿದ ಫರ್ಮ್‌ವೇರ್ ಆಗಿತ್ತು, 2024ರಲ್ಲಿ ಅದರ ಬೆಳವಣಿಗೆ ನಿಂತುಹೋಯಿತು. ಈಗ ಮುಕ್ತವಾದ ಎಎಂ32 ಆ ಜಾಗಕ್ಕೆ ಬರುತ್ತಿದೆ. ಮುಕ್ತ ಫರ್ಮ್‌ವೇರಿನ ಬಗ್ಗೆ ನನಗೆ ಮಮತೆಯಿದೆ, ಏಕೆಂದರೆ ಟೈಮಿಂಗ್ (ಮುಂದಿನ ತಂತಿಜೋಡಿಗೆ ಎಷ್ಟು ಮುಂಚೆ ದಾಟಬೇಕೆಂಬುದು), ಬ್ರೇಕ್ (ಥ್ರಾಟಲ್ ಪೂರ್ತಿ ಇಳಿಸಿದಾಗ ಪ್ರೊಪೆಲ್ಲರನ್ನು ತಡೆದು ನಿಲ್ಲಿಸುವುದು), ಕಡಿತ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕಣ್ಣಾರೆ ನೋಡಿ ಹೊಂದಿಸಬಹುದು. ಆದರೆ ಡಿಶಾಟ್‌ನಂಥ ವೇಗದ ಡಿಜಿಟಲ್ ಸಂಕೇತಕ್ಕಾಗಿ ಮಾತ್ರ ಇವನ್ನು ಕೊಳ್ಳುವ ಅಗತ್ಯ ಸಾಧಾರಣ ವಿಮಾನಕ್ಕಿಲ್ಲ. 1000ದಿಂದ 2000 ಮೈಕ್ರೋಸೆಕೆಂಡಿನ ಹಳೆಯ ಸಂಕೇತ ಅದಕ್ಕೆ ಸಾಕು. ಇವುಗಳಲ್ಲಿ ಬಹಳಷ್ಟಕ್ಕೆ ಬಿಇಸಿ ಇರುವುದಿಲ್ಲ ಮತ್ತು ಪ್ರೊಪೆಲ್ಲರಿನ ಗಾಳಿ ನೇರ ಮೈಮೇಲೆ ಬೀಳುತ್ತದೆಂಬ ನಂಬಿಕೆಯಲ್ಲಿ ತಂಪಿನ ಪಟ್ಟಿಯನ್ನೂ ಚಿಕ್ಕದಾಗಿಟ್ಟಿರುತ್ತಾರೆ. ಅಂಥದ್ದನ್ನು ವಿಮಾನದ ಹೊಟ್ಟೆಯೊಳಗೆ ಮುಚ್ಚಿಡುವುದು ತಪ್ಪು.

ಟೈಮಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: 14 ಧ್ರುವಗಳ ಔಟ್‌ರನ್ನರಿಗೆ (ಹೊರಕವಚವೇ ತಿರುಗುವ ಮೋಟಾರಿಗೆ) ಮಧ್ಯಮ ಟೈಮಿಂಗ್ ಸರಿಹೋಗುತ್ತದೆ, ಎರಡು ಧ್ರುವಗಳ ಇನ್‌ರನ್ನರಿಗೆ (ಒಳಭಾಗ ತಿರುಗುವ ಮೋಟಾರಿಗೆ) ಕಡಿಮೆ ಬೇಕು, ಹೆಚ್ಚಿಸಿದರೆ ವೇಗದ ಜೊತೆಗೆ ಕರೆಂಟೂ ಬಿಸಿಯೂ ಏರುತ್ತವೆ. ಮಡಚುವ ಪ್ರೊಪೆಲ್ಲರಿನ ಗ್ಲೈಡರಿಗೆ ಬ್ರೇಕ್ ಇರಲೇಬೇಕು, ಇಲ್ಲದಿದ್ದರೆ ಎಲೆಗಳು ಮಡಚದೆ ಗಾಳಿಗೆ ತಿರುಗುತ್ತ ಗಾಳಿಯ ತಡೆಯನ್ನು ಹೆಚ್ಚಿಸುತ್ತವೆ; ಉಳಿದ ವಿಮಾನಗಳಲ್ಲಿ ಬ್ರೇಕನ್ನು ಆಫ್ ಮಾಡಿಡುವುದು ಒಳ್ಳೆಯದು.

ತಂತಿಯ ಉದ್ದದ ಮಾತು ಮಾತ್ರ ಹೇಳದಿದ್ದರೆ ಈ ಹೋಲಿಕೆ ಅಪೂರ್ಣ, ಏಕೆಂದರೆ ಒಳ್ಳೆಯ ಇಎಸ್‌ಸಿಯನ್ನೂ ಕೆಟ್ಟ ಜೋಡಣೆ ಕೊಲ್ಲುತ್ತದೆ. ಬ್ಯಾಟರಿಯಿಂದ ಬರುವ ತಂತಿ ಉದ್ದವಾದಷ್ಟೂ ಅದರ ಇಂಡಕ್ಟೆನ್ಸು ಹೆಚ್ಚುತ್ತದೆ, ಸ್ವಿಚ್ಚು ತೆರೆದ ಪ್ರತಿ ಸಲವೂ ವೋಲ್ಟೇಜು ಜಿಗಿಯುತ್ತದೆ, ಆ ಜಿಗಿತವನ್ನು ನುಂಗಬೇಕಾದ ಕೆಪಾಸಿಟರುಗಳು ಕಾದು ಒಣಗುತ್ತವೆ. ಈ ಹೊರೆಯೂ ಭಾಗಶಃ ಥ್ರಾಟಲಿನಲ್ಲೇ ಹೆಚ್ಚು. ಇಎಸ್‌ಸಿಯನ್ನು ಮೋಟಾರಿನಿಂದ ದೂರ ಇಡಬೇಕಾಗಿ ಬಂದರೆ ಮೋಟಾರಿನ ಮೂರು ತಂತಿಗಳನ್ನು ಉದ್ದ ಮಾಡಬೇಕೇ ಹೊರತು ಬ್ಯಾಟರಿಯ ಕಡೆಯದನ್ನಲ್ಲ. ಅನಿವಾರ್ಯವಾದರೆ, ಹೆಚ್ಚಿಸಿದ ಪ್ರತಿ 10 ಸೆಂಟಿಮೀಟರಿಗೆ 220 ಮೈಕ್ರೋಫ್ಯಾರಡ್‌ನ ಕಡಿಮೆ ರೋಧದ ಕೆಪಾಸಿಟರೊಂದನ್ನು ಇಎಸ್‌ಸಿಯ ಹತ್ತಿರದಲ್ಲೇ ಸೇರಿಸುವುದು ಮಾದರಿ ವಿಮಾನದವರ ಹಳೆಯ ರೂಢಿ. ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯಲ್ಲಿ ಕೆಪಾಸಿಟರು ಕೇಳುವಾಗ ವೋಲ್ಟೇಜಿನ ಜೊತೆಗೆ ಕಡಿಮೆ ಇಎಸ್‌ಆರ್ (ಒಳರೋಧ) ಇರುವುದೇ ಬೇಕೆಂದು ಒತ್ತಿ ಹೇಳಬೇಕು. ಆರು ಸೆಲ್ಲಿನ ಪೂರ್ತಿ ಚಾರ್ಜು 25.2 ವೋಲ್ಟ್ ಆಗುವುದರಿಂದ 25 ವೋಲ್ಟಿನದು ನಡೆಯದು, 35 ವೋಲ್ಟಿನದು ಬೇಕು.

ಹೊಸಬರ ಮೂರು ಸೆಲ್ಲಿನ ಫೋಮ್ ತರಬೇತಿ ವಿಮಾನಕ್ಕೆ ಹಾಬಿವಿಂಗ್ ಸ್ಕೈವಾಕರ್‌ನಂಥ, ವಿಮಾನಕ್ಕಾಗಿಯೇ ಮಾಡಿದ, ಕೈಪಿಡಿ ಸಿಗುವ 40 ಆಂಪಿಯರಿನ ಇಎಸ್‌ಸಿಯನ್ನು ನಾನು ಸೂಚಿಸುತ್ತೇನೆ; ಅದರಲ್ಲೂ ಸ್ವಿಚಿಂಗ್ ಬಿಇಸಿ ಇರುವ ಮಾದರಿಯನ್ನು ಕೇಳಿ ಪಡೆಯಬೇಕು. ಚೀಟಿ ಅಂಟಿಸಿದ ಅಗ್ಗದ 30 ಆಂಪಿಯರಿನದಕ್ಕೂ ಇದಕ್ಕೂ ಇರುವ ಬೆಲೆಯ ಅಂತರ ಒಂದು ಒಳ್ಳೆಯ ಬ್ಯಾಟರಿಯ ಬೆಲೆಗಿಂತ ಕಡಿಮೆ. ದೊಡ್ಡ ವಿಮಾನಕ್ಕೆ ಆ್ಯಕ್ಟಿವ್ ಫ್ರೀವೀಲಿಂಗ್ ಇರುವುದೇ ಬೇಕು, ಮತ್ತು ಹಣವಿದ್ದರೆ ಹಾರಾಟದ ದಾಖಲೆ ಇಡುವಂಥದ್ದನ್ನು ಕೊಳ್ಳಬೇಕು. ಕ್ಯಾಸಲ್ ಕ್ರಿಯೇಷನ್ಸ್‌ನ ಫೀನಿಕ್ಸ್ ಎಡ್ಜ್ ಶ್ರೇಣಿಯಲ್ಲಿ ಕರೆಂಟು, ವೋಲ್ಟೇಜು, ತಾಪಮಾನ ಎಲ್ಲವೂ ದಾಖಲಾಗುತ್ತವೆ. ಥ್ರಾಟಲ್ ಇಳಿದ ಮೇಲೂ ತಾಪಮಾನದ ಗೆರೆ ಏರುತ್ತಲೇ ಇರುವುದನ್ನು ಅಂಥ ದಾಖಲೆಯಲ್ಲಿ ಕಂಡವರಿಗೆ ಮೇಲಿನ ಲೆಕ್ಕವನ್ನು ಯಾರೂ ವಿವರಿಸಬೇಕಾಗಿಲ್ಲ.

ಯಾವುದನ್ನೇ ಕೊಂಡರೂ ಬಯಲಿಗೆ ಒಯ್ಯುವ ಮೊದಲು ಒಂದು ಪರೀಕ್ಷೆ ಅಗತ್ಯ. ವಿಮಾನವನ್ನು ಭದ್ರವಾಗಿ ಕಟ್ಟಿ, ಪ್ರೊಪೆಲ್ಲರಿನ ಮುಂದೆಯೂ ಪಕ್ಕದಲ್ಲೂ ಯಾರೂ ಇಲ್ಲದಂತೆ ನೋಡಿಕೊಂಡು, ಪೂರ್ತಿ ಥ್ರಾಟಲಿನಲ್ಲಿ ಕೆಲವೇ ಸೆಕೆಂಡು ಕರೆಂಟನ್ನು ಅಳೆಯಬೇಕು. ಆಮೇಲೆ ಥ್ರಾಟಲನ್ನು ಮುಕ್ಕಾಲಿನ ಕೆಳಗೆ ಇಳಿಸಿ, ಒಂದು ಹಾರಾಟದಷ್ಟು ಹೊತ್ತು ಓಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಇಎಸ್‌ಸಿಯ ಹೊದಿಕೆಯನ್ನೂ ಕೆಪಾಸಿಟರನ್ನೂ ನೋಡುತ್ತಿರಬೇಕು. ಈ ಹೊತ್ತಿನಲ್ಲೇ ಎಲ್ಲ ಸರ್ವೋಗಳನ್ನು ಒಟ್ಟಿಗೆ ಅತ್ತಿತ್ತ ಆಡಿಸುತ್ತ, ರಿಸೀವರಿನ ಖಾಲಿ ಚಾನೆಲಿಗೆ ಮೀಟರ್ ಹಚ್ಚಿ 5 ವೋಲ್ಟ್ ಎಷ್ಟಕ್ಕೆ ಕುಸಿಯುತ್ತದೆಂದು ಗಮನಿಸಬೇಕು. ಅದು 4.8ಕ್ಕಿಂತ ಕೆಳಗೆ ಹೋದರೆ, ಮೋಟಾರಿನ ಕಡೆ ಎಲ್ಲವೂ ಸರಿಯಿದ್ದರೂ, ಪ್ರತ್ಯೇಕ ಬಿಇಸಿ ಹಾಕುವ ತನಕ ನಾನು ಆ ವಿಮಾನವನ್ನು ಹಾರಿಸುವುದಿಲ್ಲ.